ಫೀನಿಕ್ಸ್ ಮನೆಗಳ ಸ್ಕೈಲೈಟ್ ಸೋರಿಕೆ: ಏನು ಹಚ್ಚಬೇಕು ಎನ್ನುವ ಮೊದಲು

ಅರಿಜೋನಾದ ಫೀನಿಕ್ಸ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು ಏಳು ಇಂಚು. ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಸುರಿದದ್ದುಂಟು. ಹಾಗಿದ್ದೂ ಚಾಂಡ್ಲರ್, ಗಿಲ್ಬರ್ಟ್, ಮೇಸಾ ಕಡೆ ಹಳೇ ಮನೆ ಕೊಂಡ ನಮ್ಮವರು ಜುಲೈ ಬಂತೆಂದರೆ ಕೇಳುವುದು ಒಂದೇ ಪ್ರಶ್ನೆ: "ಸ್ಕೈಲೈಟ್ ಸೋರ್ತಿದೆ, ಏನು ಹಚ್ಚಬೇಕು?" ಸ್ಕೈಲೈಟ್ ಎಂದರೆ ಬೆಳಕಿಗಾಗಿ ಮಾಡಿನಲ್ಲಿ (ಛಾವಣಿಯಲ್ಲಿ) ಕೂರಿಸುವ ಕಿಟಕಿ. ಸದ್ಯಕ್ಕೆ ಏನೂ ಹಚ್ಚಬೇಡಿ. ಸೋರುತ್ತಿರುವುದು ಸ್ಕೈಲೈಟೇ ಹೌದೋ ಅಲ್ಲವೋ ಅದು ಮೊದಲು ಗೊತ್ತಾಗಲಿ. ಕಂಡಲ್ಲೆಲ್ಲ ಕಪ್ಪು ತಾರು ಮೆತ್ತಿ ಕೆಟ್ಟ ಮಾಡುಗಳು ಈ ಊರಲ್ಲಿ ಬೇಕಾದಷ್ಟಿವೆ.

ಇಲ್ಲಿ ಮಾಡನ್ನು ಕೆಡಿಸುವುದು ಬಿಸಿಲು. ಮಳೆ ಬಂದಾಗ ಅದು ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ. 1990ರ ಜೂನ್ 26ರಂದು ಫೀನಿಕ್ಸ್‌ನಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತು. ಇದು ಗಾಳಿಯ ಲೆಕ್ಕ. ಗಾಢ ಬಣ್ಣದ ಮಾಡಿನ ಮೇಲ್ಮೈ ಮಧ್ಯಾಹ್ನ 70 ಡಿಗ್ರಿ ಮೀರುವುದು ಮಾಮೂಲು. ಅದರ ಮೇಲೆ ಸಂಜೆ ಐದಕ್ಕೆ ಧೂಳಿನ ಬಿರುಗಾಳಿ ಎದ್ದು, ಹಿಂದೆಯೇ ಮಳೆ ಹೊಡೆದರೆ ಅರ್ಧ ಗಂಟೆಯೊಳಗೆ ಮೇಲ್ಮೈ 30 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಿಗ್ಗಿದ್ದೆಲ್ಲ ಒಮ್ಮೆಲೇ ಕುಗ್ಗುತ್ತದೆ, ನೀರು ಬರುವುದೂ ಅದೇ ಹೊತ್ತಿಗೆ.

ಆರ್‌ಸಿಸಿ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ತೊಡಕು. ತಾರಸಿ ಸೋರಿದರೆ ಕಲೆಯ ನೆತ್ತಿಯ ಮೇಲೆ ಅಥವಾ ಅಲ್ಲೇ ಹತ್ತಿರ ಬಿರುಕು ಇರುತ್ತದೆ ಎಂದು ಹುಡುಕುವ ಅಭ್ಯಾಸ ನಮ್ಮದು. ಇಲ್ಲಿನ ಮನೆ ಮರದ ಟ್ರಸ್ಸಿನದ್ದು, ಅಂದರೆ ಮಾಡನ್ನು ಹೊರುವ ಮರದ ಚೌಕಟ್ಟುಗಳದ್ದು. ಮೇಲೆ ಹಂಚು, ಅದರ ಕೆಳಗೆ ಅಂಡರ್‌ಲೇಮೆಂಟ್ ಎಂಬ ತಾರಿನ ಹಾಳೆ, ಅದರಡಿ ಪ್ಲೈವುಡ್ ಹಲಗೆ, ಆಮೇಲೆ ಅಟ್ಟ, ಕೊನೆಗೆ ಜಿಪ್ಸಂ ಬೋರ್ಡಿನ ಸೀಲಿಂಗ್. ನೀರು ಎಲ್ಲೋ ಮೇಲೆ ಒಳಹೊಕ್ಕು, ಹಲಗೆಯ ತಳಕ್ಕೆ ಅಂಟಿಕೊಂಡೇ ಇಳಿದು, ತಡೆ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಸ್ಕೈಲೈಟಿಗಾಗಿ ಕತ್ತರಿಸಿದ ಗುಂಡಿಯ ಅಂಚು ಅಂಥ ತಡೆಗಳಲ್ಲಿ ಮೊದಲನೆಯದು. ಆರಡಿ ಮೇಲಿನ ಪೈಪಿನ ಬುಡದಲ್ಲಿ ಹೊಕ್ಕ ನೀರೂ ಸ್ಕೈಲೈಟಿನ ಮೂಲೆಯಲ್ಲೇ ಕಾಣಿಸಿಕೊಳ್ಳುತ್ತದೆ, ದೂರು ಮಾತ್ರ ಸ್ಕೈಲೈಟಿನ ಮೇಲೆ.

ಯಾವಾಗ ಸೋರುತ್ತದೆ ಎನ್ನುವುದೇ ಅರ್ಧ ಉತ್ತರ

ಹವಾಮಾನ ಇಲಾಖೆ 2008ರಿಂದ ಇಲ್ಲಿನ ಮಾನ್ಸೂನನ್ನು ಜೂನ್ 15ರಿಂದ ಸೆಪ್ಟೆಂಬರ್ 30 ಎಂದು ಗೊತ್ತುಮಾಡಿದೆ. ಈ ಮಳೆ ಚಿಕ್ಕದು, ಜೋರಿನದು, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವಂಥದ್ದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆ ಬೇರೆ ಜಾತಿ, ಗಂಟೆಗಟ್ಟಲೆ ಜಿನುಗುತ್ತದೆ. ಮಾನ್ಸೂನಿನಲ್ಲಿ ಮಾತ್ರ ಸೋರಿ ಚಳಿಗಾಲದಲ್ಲಿ ಒಣಗಿದ್ದರೆ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತಿದೆ ಎಂದರ್ಥ. ಸ್ಕೈಲೈಟಿನ ಸುತ್ತ ಸಂದಿ ಮುಚ್ಚುವ ಫ್ಲ್ಯಾಶಿಂಗ್ ತಗಡಿನ ಎತ್ತರ ಸಾಲದು, ಇಲ್ಲವೇ ಸ್ಕೈಲೈಟಿನ ಮೇಲಿನ ಪ್ಲಾಸ್ಟಿಕ್ ಗುಮ್ಮಟದ ಅಂಚು ಬಿಟ್ಟುಕೊಂಡಿದೆ. ಚಳಿಗಾಲದ ಜಿನುಗಿಗೂ ಸೋರಿದರೆ ಅಂಡರ್‌ಲೇಮೆಂಟ್ ಮೇಲೆ ಅನುಮಾನ ಪಡಿ.

ಮಳೆಯೇ ಇಲ್ಲದೆ ಒದ್ದೆಯಾದರೆ ಏರ್ ಕಂಡೀಷನರ್ ನೋಡಿ. ಬಹಳ ಮನೆಗಳಲ್ಲಿ ಅದರ ಒಳಘಟಕ ಅಟ್ಟದಲ್ಲಿರುತ್ತದೆ, ಹಳೇ ಚಪ್ಪಟೆ ಮಾಡಿನ ಮನೆಗಳಲ್ಲಿ ಇಡೀ ಯಂತ್ರವೇ ಮಾಡಿನ ಮೇಲಿರುತ್ತದೆ. ಮೇ ತಿಂಗಳ ಒಣ ಗಾಳಿಯಲ್ಲಿ ಅದರಿಂದ ನೀರು ಇಳಿಯುವುದೇ ಕಡಿಮೆ. ಜುಲೈನಲ್ಲಿ ಗಾಳಿಗೆ ತೇವ ಬಂದೊಡನೆ ಧಾರೆ ಶುರು. ವರ್ಷವಿಡೀ ಧೂಳು, ಪಾಚಿ ಕಟ್ಟಿದ ಪೈಪು ಆಗಲೇ ಉಕ್ಕುತ್ತದೆ. ಮಳೆಗಾಲವೂ ಅದೇ ಹೊತ್ತಿಗೆ ಬರುವುದರಿಂದ ತಪ್ಪು ಮಳೆಯ ತಲೆಗೆ. ಗುರುತು ಹಿಡಿಯುವುದು ಸುಲಭ: ಕಿಟಕಿಯ ಮೇಲೆ, ಸೂರಿನ ಅಂಚಿನಲ್ಲಿ ಒಂದು ಸಣ್ಣ ಪೈಪಿನ ತುದಿ ಚಾಚಿರುತ್ತದೆ. ಅದು ಎರಡನೇ ಡ್ರೈನ್. ಅದರಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲನೆಯದು ಕಟ್ಟಿದೆ. ಒದ್ದೆ ಕಸ ಎಳೆಯುವ ವ್ಯಾಕ್ಯೂಮನ್ನು ಹೊರತುದಿಗೆ ಹಚ್ಚಿ ಎಳೆದು, ಒಳಗಿನ ಬಾಯಿಯಿಂದ ಒಂದು ಕಪ್ ವಿನೆಗರ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಸ್ನಾನದಮನೆಯ ಸ್ಕೈಲೈಟ್ ಜನವರಿ ಬೆಳಗಿನಲ್ಲಿ ಮಾತ್ರ ತೊಟ್ಟಿಕ್ಕಿದರೆ ಅದು ಸ್ನಾನದ ಹಬೆ. ಅಲ್ಲಿ ಕೆಲಸ ಎಕ್ಸಾಸ್ಟ್ ಫ್ಯಾನಿನದು.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ ಹೋಸ್ ಪೈಪಿನ ಪರೀಕ್ಷೆ. ಇಬ್ಬರು ಬೇಕು: ಒಬ್ಬರು ಮೇಲೆ, ಇನ್ನೊಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿ. ಬೇಸಿಗೆಯಾದರೆ ಬೆಳಗ್ಗೆ ಆರಕ್ಕೇ ಹತ್ತಬೇಕು, ಬಿಸಿಲೇರಿದ ಅಟ್ಟದಲ್ಲಿ 60 ಡಿಗ್ರಿ ಇರುತ್ತದೆ. ಕೆಳಗಿನಿಂದ ಶುರುಮಾಡಿ. ಮೊದಲು ಸ್ಕೈಲೈಟಿನ ಕೆಳಬದಿಯ ಹಂಚು, ಆಮೇಲೆ ಕೆಳ ಅಂಚು, ಎರಡು ಪಕ್ಕ, ಮೇಲಿನ ಅಂಚು, ಕಟ್ಟಕಡೆಗೆ ಗಾಜು. ಒಂದೊಂದು ಕಡೆ 10-15 ನಿಮಿಷ, ಮೆಲ್ಲನೆ ಹರಿಯುವ ನೀರು. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಹಂಚಿನಡಿಗೆ ಒತ್ತಡದಿಂದ ನೀರು ಹಾರಿಸಿದರೆ ಒಳ್ಳೆಯ ಮಾಡೂ ಸೋರುತ್ತದೆ.

ಹಂಚಿನ ಮೇಲೆ ನಡೆಯುವಾಗ ಕಾಲು ಅದರ ಕೆಳಗಿನ ಮೂರು-ನಾಲ್ಕು ಇಂಚಿನ ಮೇಲೇ ಬೀಳಲಿ, ಅಂದರೆ ಅಡಿಯ ಹಂಚಿನ ಮೇಲೆ ಅದು ಕೂತಿರುವ ಜಾಗ. ನಡುವೆ ತುಳಿದರೆ ಒಡೆಯುತ್ತದೆ. ಏಣಿ ಸೂರಿಗಿಂತ ಮೂರಡಿ ಮೇಲೆ ಬರಲಿ. ಹಳೇ ಅಕ್ರಿಲಿಕ್ ಗುಮ್ಮಟದ ಮೇಲೆ ಕೂರುವುದು, ಕೈಯೂರುವುದು ಯಾವ ಕಾರಣಕ್ಕೂ ಬೇಡ. ಬಿಸಿಲು ತಿಂದ ಪ್ಲಾಸ್ಟಿಕ್ ಮನುಷ್ಯನ ತೂಕ ತಡೆಯುವುದಿಲ್ಲ. ಸ್ಕೈಲೈಟ್ ಮೂಲಕ ಕೆಳಗೆ ಬಿದ್ದು ಸತ್ತವರಿದ್ದಾರೆ.

ಗುಮ್ಮಟದ ಗಣಿತ

1980, 90ರ ದಶಕದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಚೌಕಟ್ಟಿನ ಮೇಲಿನ ಅಕ್ರಿಲಿಕ್ ಗುಮ್ಮಟ, ಎರಡಡಿಗೆ ನಾಲ್ಕಡಿ. ಚಳಿಗಾಲದ ರಾತ್ರಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 60 ಡಿಗ್ರಿ ಅಂತರ ಹಿಡಿಯಿರಿ. ನಾಲ್ಕಡಿ ಉದ್ದದ ಅಕ್ರಿಲಿಕ್ ಅಷ್ಟರಲ್ಲಿ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಂ 1.7, ಅಡಿಯ ಮರದ ಚೌಕಟ್ಟು ಅರ್ಧ ಮಿಲಿಮೀಟರೂ ಇಲ್ಲ. ಈ ಮೂರನ್ನೂ ಬಿಗಿಯಾಗಿ ಸ್ಕ್ರೂ ಹಾಕಿ ಕಟ್ಟಿದರೆ ಸೋಲುವುದು ಅಕ್ರಿಲಿಕ್. ಸ್ಕ್ರೂ ತೂತಿನಿಂದ ಕೂದಲೆಳೆಯಂಥ ಬಿರುಕು ಹೊರಟು ಮೂಲೆಗೆ ಹೋಗುತ್ತದೆ. ಆದ್ದರಿಂದ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಮೇಲೆ ನಿಯೋಪ್ರೀನ್ ವಾಷರ್ ಬೇಕು, ಸ್ಕ್ರೂವನ್ನು ವಾಷರ್ ಚಪ್ಪಟೆಯಾಗುವ ಮೊದಲೇ ನಿಲ್ಲಿಸಬೇಕು. ಡ್ರಿಲ್ಲನ್ನು ಕೊನೆತನಕ ಒತ್ತುವವರ ಕೈಯಲ್ಲಿ ಹೊಸ ಗುಮ್ಮಟವೂ ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಅಮೋನಿಯ ಇರುವ ಗಾಜು ತೊಳೆಯುವ ದ್ರಾವಣವನ್ನು ಅಕ್ರಿಲಿಕ್‌ಗೆ ಮುಟ್ಟಿಸಬೇಡಿ, ಮೇಲ್ಮೈ ಜಾಲಜಾಲವಾಗಿ ಬಿರಿಯುತ್ತದೆ. ಸೋಪು ನೀರು ಸಾಕು.

ಇನ್ನು, ತೀರಾ ಹೆಚ್ಚಾಗಿ ಕಾಣುವ ಎಡವಟ್ಟು. ಚೌಕಟ್ಟಿನ ಒಳಗೆ ಒಂದು ಸಣ್ಣ ಕಾಲುವೆ ಇರುತ್ತದೆ. ಒಳಗಿನ ಹಬೆ ನೀರಾದದ್ದು, ಅಂಚು ದಾಟಿ ಬಂದ ಎರಡು ಹನಿ, ಎಲ್ಲ ಅದರಲ್ಲಿ ಕೂಡಿ ಕೆಳ ಅಂಚಿನ ವೀಪ್ ಹೋಲ್ ಎಂಬ ಸಣ್ಣ ಕಂಡಿಗಳಿಂದ ಹೊರಹೋಗಬೇಕು. ಸೋರಿಕೆ ಹುಡುಕುತ್ತ ಬಂದವರು ಈ ಕಂಡಿಗಳನ್ನೇ "ತೂತು ಸಿಕ್ಕಿತು" ಎಂದು ಸಿಲಿಕೋನ್ ತುಂಬಿ ಮುಚ್ಚುತ್ತಾರೆ. ಅಲ್ಲಿಂದಾಚೆ ಕಾಲುವೆ ತುಂಬಿದಾಗಲೆಲ್ಲ ನೀರು ಮನೆಯೊಳಕ್ಕೇ. ಯಾರೂ ಮುಚ್ಚದಿದ್ದರೂ ಬಿರುಗಾಳಿಯ ನಯವಾದ ಧೂಳು ಒಂದೆರಡು ವರ್ಷದಲ್ಲಿ ಮುಚ್ಚುತ್ತದೆ. ಪ್ರತಿ ಜೂನ್ ಮೊದಲ ವಾರ ಪೈಪ್ ಕ್ಲೀನರ್ ಅಥವಾ ತೆಳು ತಂತಿಯಿಂದ ಬಿಡಿಸಿ, ಕಾಲುವೆಗೆ ಒಂದು ಲೋಟ ನೀರು ಬಿಟ್ಟು ಹೊರಗೆ ಬರುತ್ತದೆಯೇ ನೋಡಿ. ಖರ್ಚಿಲ್ಲದ ರಿಪೇರಿ ಇದೊಂದೇ.

ಎರಡು ಪದರ ಗಾಜಿನ ನಡುವೆ ಮಂಜು ಕಟ್ಟಿದ್ದರೆ ಅದು ಸೋರಿಕೆಯಲ್ಲ. ಅಂಚಿನ ಸೀಲು ಹೋಗಿದೆ, ಒಳಗಿನ ತೇವ ಹೀರುವ ಹರಳು ತುಂಬಿಹೋಗಿದೆ. ಗಾಜಿನ ಘಟಕ ಬದಲಿಸಬೇಕು. ತೂತು ಕೊರೆದು ಒಣಗಿಸುವ ಸೇವೆಗಳಿಗೆ ದುಡ್ಡು ಸುರಿಯುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ, ಹೋದ ಸೀಲು ಅದರಿಂದ ವಾಪಸು ಬರುವುದಿಲ್ಲ.

ಹಂಚು ನೀರು ತಡೆಯುವುದಿಲ್ಲ

ಕಾಂಕ್ರೀಟ್ ಹಂಚು ಐವತ್ತು ವರ್ಷ ಬಾಳುತ್ತದೆ. ಅದರಡಿಯ ತಾರಿನ ಹಾಳೆ ಈ ಬಿಸಿಲಿನಲ್ಲಿ ಇಪ್ಪತ್ತು ವರ್ಷದ ಆಸುಪಾಸಿಗೆ ಎಣ್ಣೆ ಆರಿ, ಹಪ್ಪಳದ ಹಾಗೆ ಮುರಿಯತೊಡಗುತ್ತದೆ. ನಿಜವಾಗಿ ನೀರು ತಡೆಯುವುದು ಆ ಹಾಳೆಯೇ. ಹಂಚು ಅದಕ್ಕೆ ನೆರಳು ಮಾತ್ರ. ಸ್ಕೈಲೈಟಿನ ಪಕ್ಕದ ತಗಡಿನ ಕಾಲುವೆಗಳಲ್ಲಿ ಪಾಲೋ ವರ್ದೆ ಮರದ ಹಳದಿ ಹೂವು, ಧೂಳು, ಪಾರಿವಾಳದ ಗೂಡು ತುಂಬಿದರೆ ನೀರು ಪಕ್ಕಕ್ಕೆ ಉಕ್ಕಿ ಇದೇ ಹಾಳೆಯ ಮೇಲೆ ಹರಿಯುತ್ತದೆ. ಸೋಲಾರ್ ಪ್ಯಾನೆಲ್ ಇರುವ ಮಾಡುಗಳಲ್ಲಿ ಪಾರಿವಾಳದ ಕಾಟ ಇಮ್ಮಡಿ, ಪ್ಯಾನೆಲ್ಲಿನ ಸುತ್ತ ಜಾಲರಿ ಹಾಕಿಸಲೇಬೇಕು.

ಒಂದು ಕಡೆ ಹಾಳೆ ಹರಿದಿದ್ದರೆ ಸ್ಕೈಲೈಟಿನ ಸುತ್ತ ಮೂರಡಿ ಹಂಚು ತೆಗೆದು ಅಷ್ಟನ್ನೇ ಬದಲಿಸಬಹುದು. ಕೈಯಲ್ಲಿ ಹಿಡಿದರೆ ಪುಡಿಯಾಗುವ ಸ್ಥಿತಿ ಬಂದಿದ್ದರೆ ತುಂಡು ರಿಪೇರಿಗೆ ಅರ್ಥವಿಲ್ಲ. ಹೊಸ ಹಾಳೆಯನ್ನು ಸೇರಿಸಲು ಗಟ್ಟಿ ಅಂಚೇ ಸಿಗುವುದಿಲ್ಲ. ಆಗ ಇಡೀ ಇಳಿಜಾರಿನ ಹಂಚು ಇಳಿಸಿ, ಹಾಳೆ ಹೊಸದಾಗಿ ಹಾಸಿ, ಅದೇ ಹಂಚನ್ನು ಮತ್ತೆ ಜೋಡಿಸುತ್ತಾರೆ. ಸ್ಕೈಲೈಟ್ ಬದಲಿಸುವುದಿದ್ದರೆ ಅದೇ ಸಮಯ. ಇಪ್ಪತ್ತು ವರ್ಷದ ಗುಮ್ಮಟವನ್ನು ಉಳಿಸಿಕೊಂಡು ಸುತ್ತ ಹೊಸ ಹಾಳೆ ಹಾಕಿಸುವುದು ಉಳಿತಾಯವಲ್ಲ.

ಚಪ್ಪಟೆ ಮಾಡಿನ ಮೇಲೆ ಸಾಮಾನ್ಯವಾಗಿ ಪಾಲಿಯುರೆಥೇನ್ ಫೋಮ್ ಇರುತ್ತದೆ, ಅದರ ಮೇಲೆ ಬಿಳಿ ಅಕ್ರಿಲಿಕ್ ಲೇಪ. ಲೇಪ ಸವೆದು ಫೋಮಿಗೆ ಬಿಸಿಲು ತಗುಲಿದರೆ ಅದು ಹಳದಿಯಿಂದ ಕಂದಾಗಿ ಪುಡಿಯಾಗುತ್ತದೆ. ಐದಾರು ವರ್ಷಕ್ಕೊಮ್ಮೆ ಲೇಪ ಹೊಸದಾಗಬೇಕು: ತೊಳೆದು, ಪೂರ್ತಿ ಒಣಗಿಸಿ, ಎರಡು ಕೋಟು. ಮೊದಲ ಕೋಟು ಬೂದು, ಎರಡನೆಯದು ಬಿಳಿ ಇದ್ದರೆ ಬಿಟ್ಟುಹೋದ ಜಾಗ ಕಣ್ಣಿಗೆ ಬೀಳುತ್ತದೆ. ಫೋಮಿನ ಒಂದು ಒಳ್ಳೆಯ ಗುಣವೆಂದರೆ ನೀರು ಅದರೊಳಗೆ ಅಡ್ಡ ಓಡಾಡುವುದಿಲ್ಲ, ತೂತು ಕಲೆಯ ಹತ್ತಿರವೇ ಸಿಗುತ್ತದೆ. ಹಕ್ಕಿ ಕುಕ್ಕಿದ ಕುಳಿಗಳಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ ಮೇಲೆ ಲೇಪ ಬಳಿದರೆ ಆಯಿತು. ಆದರೆ ಪ್ರತಿ ಬಾರಿ ಹೊಸ ಫೋಮ್ ಸಿಂಪಡಿಸಿದಾಗ ಸ್ಕೈಲೈಟನ್ನು ಮಾಡಿನಿಂದ ಎತ್ತಿ ಹಿಡಿಯುವ ಮರದ ಕಟ್ಟೆ ಅಷ್ಟಷ್ಟೇ ತಗ್ಗುತ್ತದೆ, ಕೆಲವು ಮನೆಗಳಲ್ಲಿ ವೀಪ್ ಹೋಲ್‌ಗಳೇ ಫೋಮಿನಡಿ ಹೂತುಹೋಗಿರುತ್ತವೆ. ಸಿಂಪಡಿಸುವ ಮೊದಲೇ ಅಲ್ಲಿ ನಿಂತು ಹೇಳಬೇಕಾದ ಮಾತು ಇದು. ಮಳೆ ನಿಂತ 48 ಗಂಟೆಯ ಮೇಲೂ ನೀರು ನಿಂತಿದ್ದರೆ ಗೋಡೆಯಂಚಿನ ನೀರುಗಂಡಿ ಕಟ್ಟಿದೆ ಅಥವಾ ಇಳಿಜಾರು ತಪ್ಪಿದೆ. ನಿಂತ ನೀರನ್ನು ಅಕ್ರಿಲಿಕ್ ಲೇಪ ಸಹಿಸುವುದಿಲ್ಲ.

ಹಚ್ಚುವುದೇ ಆದರೆ

ಕಪ್ಪು ತಾರಿನ ಸಿಮೆಂಟ್ ಒಂದೆರಡು ಬೇಸಿಗೆಗೆ ಒಣಗಿ ಬಿರುಕು ಬಿಡುತ್ತದೆ. ಮಳೆಯ ನಡುವೆ ತುರ್ತಿಗೆ ಸರಿ, ಫೋಮಿನ ಮೇಲೆ ತುರ್ತಿಗೂ ಬೇಡ. ಗಾಜು-ಅಲ್ಯೂಮಿನಿಯಂ, ಅಕ್ರಿಲಿಕ್-ಅಲ್ಯೂಮಿನಿಯಂ ಸಂದಿಗೆ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಹಾಕಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಸತುವಿನ ತಗಡನ್ನು ತಿನ್ನುತ್ತದೆ. ತಗಡು, ಮರ, ಫೋಮ್, ಹಂಚು ಸೇರುವಲ್ಲಿ ಪಾಲಿಯುರೆಥೇನ್. ಒಮ್ಮೆ ಸಿಲಿಕೋನ್ ಬಳಿದ ಜಾಗಕ್ಕೆ ಮುಂದೆ ಅಕ್ರಿಲಿಕ್ ಲೇಪ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ. ಅಗಲ ಸಂದಿಗೆ ಮೊದಲು ಫೋಮಿನ ಬ್ಯಾಕರ್ ರಾಡ್ ತುರುಕಿ ಮೇಲೆ ಸೀಲಂಟ್ ಎಳೆಯಿರಿ. ಸೀಲಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು, ತಳಕ್ಕೂ ಅಂಟಿದರೆ ಹಿಗ್ಗುವಾಗ ಹರಿಯುತ್ತದೆ. ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಇದಕ್ಕೆ ಹದವಾದ ಕಾಲ.

ಬದಲಿಸುವುದಾದರೆ ಕಟ್ಟೆಯ ಮೇಲೆ ಕೂರುವ ಮಾದರಿಯನ್ನೇ ತನ್ನಿ. ಕಟ್ಟೆಯಿಲ್ಲದೆ ಹಲಗೆಗೇ ಅಂಟಿಸುವ ಮಾದರಿಗಳು ಪೂರ್ತಿ ಸೀಲಂಟನ್ನೇ ನಂಬಿ ನಿಂತಿರುತ್ತವೆ. ಟ್ರಸ್ಸುಗಳು 24 ಇಂಚಿನ ಅಂತರದಲ್ಲಿರುತ್ತವೆ, ಟ್ರಸ್ಸಿನ ದಪ್ಪ ಒಂದೂವರೆ ಇಂಚು, ಆದ್ದರಿಂದ ಸಿಗುವ ಜಾಗ 22.5 ಇಂಚು. 22.5 x 46.5 ಇಂಚಿನ ಅಳತೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಇದಕ್ಕೇ. ಅಗಲ ಬೇಕೆಂದು ಟ್ರಸ್ಸನ್ನು ಎಂಜಿನಿಯರ್ ಇಲ್ಲದೆ ಕತ್ತರಿಸಬೇಡಿ. ಕಟ್ಟೆಗೆ 2x6 ಇಂಚು ಎಂದು ಮಾರುವ ಮರ, ಮಾಡಿನ ಮೇಲ್ಮೈಯಿಂದ ಕನಿಷ್ಠ ನಾಲ್ಕು ಇಂಚು ಎತ್ತರ ನಿಲ್ಲಲಿ. ಚಪ್ಪಟೆ ಮಾಡಿಗೆ, ಉಬ್ಬು ಹಂಚಿಗೆ ಆರು ಇಂಚು.

ಕಟ್ಟೆಯ ಸುತ್ತ ನೀರು ತಡೆಯುವ, ಅಂಟುವ ಮೆಂಬ್ರೇನ್ ಹಾಳೆ ಹಾಕಬೇಕು, ಹಲಗೆಯ ಮೇಲೆ ಒಂದಡಿ ಹರಡಿ ಕಟ್ಟೆಯ ನೆತ್ತಿಯವರೆಗೂ ಏರಿಸಿ. ಹೆಚ್ಚು ಶಾಖ ತಡೆಯುವ ದರ್ಜೆಯದನ್ನೇ ಕೇಳಿ. ಹೊದಿಕೆಯ ಮೇಲೆ 115 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಎಂದಿರಲಿ. ತಣ್ಣನೆಯ ಊರಿಗೆ ಮಾಡಿದ ಸಾದಾ ಮೆಂಬ್ರೇನ್ ಇಲ್ಲಿ ಕರಗಿ ಹರಿಯುತ್ತದೆ. ಹಾಕುವ ಕ್ರಮ ಕೆಳಗು, ಪಕ್ಕ, ಮೇಲು. ಮೇಲಿನದು ಯಾವಾಗಲೂ ಕೆಳಗಿನದರ ಮೇಲೆ ಹೊದೆಯಬೇಕು, ತಗಡಿಗೂ ಅದೇ ಕ್ರಮ. ಸ್ಕೈಲೈಟಿನ ಅಗಲ 30 ಇಂಚು ಮೀರಿದರೆ ಮೇಲಿನ ಬದಿಗೆ ನೀರನ್ನು ಎರಡೂ ಪಕ್ಕಕ್ಕೆ ಸೀಳುವ ಸಣ್ಣ ದಿಬ್ಬ ಕಟ್ಟಿಸಿ, ಇಲ್ಲದಿದ್ದರೆ ಅಲ್ಲಿ ಕಸವೂ ನೀರೂ ನಿಲ್ಲುತ್ತವೆ. ಗಾಜಿನ ಒಳಪದರ ಲ್ಯಾಮಿನೇಟೆಡ್ ಇರಲಿ, ಒಡೆದರೂ ತಲೆಯ ಮೇಲೆ ಉದುರುವುದಿಲ್ಲ. 2010ರ ಅಕ್ಟೋಬರ್ 5ರ ಆಲಿಕಲ್ಲು ಮಳೆ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಳಕಿನ ಜೊತೆ ಬರುವ ಬಿಸಿ

ಜೂನ್ 21ರ ಮಧ್ಯಾಹ್ನ ಫೀನಿಕ್ಸ್‌ನಲ್ಲಿ ಸೂರ್ಯ 80 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರ್ 21ಕ್ಕೆ 33ರಲ್ಲಿ. ಹೀಗಾಗಿ ಮಲಗಿದ ಕಿಟಕಿಯಂಥ ಸ್ಕೈಲೈಟ್ ಬೇಡದ ತಿಂಗಳಲ್ಲಿ ಅತಿ ಹೆಚ್ಚು ಶಾಖವನ್ನೂ, ಬೇಕಾದ ತಿಂಗಳಲ್ಲಿ ಅತಿ ಕಡಿಮೆಯನ್ನೂ ಕೊಡುತ್ತದೆ. ಮೇಲೆ ಹೇಳಿದ ಅಳತೆಯ ಗಾಜಿಗೆ ಚದರ ಮೀಟರಿಗೆ 1000 ವಾಟ್ ಬಿಸಿಲು ಎಂದು ಹಿಡಿದರೆ, ಶಾಖದ ಗುಣಾಂಕ (ಬಿದ್ದ ಬಿಸಿಲಿನಲ್ಲಿ ಒಳಬರುವ ಶಾಖದ ಪಾಲು) 0.70 ಇರುವ ಹಳೇ ಗುಮ್ಮಟ ಸುಮಾರು 470 ವಾಟ್ ಒಳಬಿಡುತ್ತದೆ. 0.25ರ ಲೋ-ಇ ಗಾಜು, ಅಂದರೆ ಶಾಖ ತಡೆಯುವ ತೆಳು ಲೇಪದ ಗಾಜು, ಬಿಡುವುದು 170. ಎಸ್‌ಎಚ್‌ಜಿಸಿ ಎಂದು ಲೇಬಲ್ಲಿನ ಮೇಲೆ ಈ ಸಂಖ್ಯೆ ಇರುತ್ತದೆ. 0.30ಕ್ಕಿಂತ ಮೇಲಿನದನ್ನು ಈ ಊರಿಗೆ ತರಬೇಡಿ.

ಗಾಜನ್ನು ಎಲ್ಲರೂ ನೋಡುತ್ತಾರೆ, ಗಾಜಿನಿಂದ ಸೀಲಿಂಗ್‌ವರೆಗೆ ಅಟ್ಟದೊಳಗೆ ಇಳಿಯುವ ಬೆಳಕಿನ ಬಾವಿಯ ಗೋಡೆಗಳನ್ನು ಯಾರೂ ನೋಡುವುದಿಲ್ಲ. ಮೂರಡಿ ಆಳದ ಬಾವಿಗೆ ಸುಮಾರು ಮೂರು ಚದರ ಮೀಟರ್ ಗೋಡೆ. ಹಳೇ ಮನೆಗಳಲ್ಲಿ ಅದು ಎಷ್ಟೋ ಸಲ ಬರೀ ಅರ್ಧ ಇಂಚಿನ ಜಿಪ್ಸಂ ಬೋರ್ಡು. ಆಚೆ ಅಟ್ಟದ 60 ಡಿಗ್ರಿ, ಈಚೆ ಮನೆಯ 25. ಅದರ ಮೂಲಕ ಬರುವ ಶಾಖ 300 ವಾಟ್‌ಗೂ ಹೆಚ್ಚು, ಅದೂ ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ನಿಲ್ಲದೆ. ಶಾಖ ತಡೆಯುವ ಆರ್-19 ದರ್ಜೆಯ ಫೈಬರ್‌ಗ್ಲಾಸ್ ಹಾಸನ್ನು ಬಾವಿಯ ಹೊರಮೈಗೆ ಒತ್ತಿ, ಜಾರದಂತೆ ಕಟ್ಟಿ, ಸಂದಿಗಳಿಗೆ ಫಾಯಿಲ್ ಟೇಪ್ ಹಾಕಿದರೆ ಇದು 30 ವಾಟ್‌ನ ಆಸುಪಾಸಿಗೆ ಇಳಿಯುತ್ತದೆ. ಗಾಜು ಬದಲಿಸಲು ಈ ವರ್ಷ ದುಡ್ಡಿಲ್ಲದಿದ್ದರೆ ಮೊದಲು ಇದನ್ನು ಮಾಡಿ. ನೆರಳಿನ ಬಟ್ಟೆ ಹಾಕುವುದಾದರೆ ಗಾಜಿನ ಹೊರಗೆ ಹಾಕಿ. ಎರಡು ಪದರದ ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದರೆ ಗಾಜು ಕಾದು ಸೀಳುವ ಅಪಾಯವಿದೆ. ಓಣಿಗೆ, ಬಟ್ಟೆ ಕೋಣೆಗೆ ಇಷ್ಟು ದೊಡ್ಡ ಕಿಂಡಿಯೇ ಬೇಡ, ಹತ್ತು ಇಂಚಿನ ಕೊಳವೆ ಸ್ಕೈಲೈಟ್ ಸಾಕು.

ಕೆಲಸ ಕೊಡುವಾಗ ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವ ಅರಿಜೋನಾ ಸರ್ಕಾರದ ರಿಜಿಸ್ಟ್ರಾರ್ ಆಫ್ ಕಾಂಟ್ರಾಕ್ಟರ್ಸ್ ತಾಣದಲ್ಲಿ ಲೈಸೆನ್ಸ್ ಹುಡುಕಿ ನೋಡಿ. ಮನೆಯ ಮಾಡಿಗೆ ಆರ್-42, ಮನೆ ಮತ್ತು ವಾಣಿಜ್ಯ ಎರಡಕ್ಕೂ ಸಿಆರ್-42. ಬಿರುಗಾಳಿಯ ಮಾರನೇ ದಿನ ಬಾಗಿಲು ತಟ್ಟುವವರಿಗೆ ಅಟ್ಟದ ಒಳಗಿನ ಫೋಟೋ ಕೇಳಿ. ಅಟ್ಟಕ್ಕೆ ಹೋಗದೆ ಅಂದಾಜು ಬರೆಯುವವರು ತಾರು ಮೆತ್ತಲು ಬಂದವರು. ಮನೆ ಕೊಳ್ಳುವವರಿಗೆ ಅರಿಜೋನಾದ ಸಾಮಾನ್ಯ ಕರಾರಿನಲ್ಲಿ ತಪಾಸಣೆಗೆ ಹತ್ತು ದಿನ ಸಿಗುತ್ತದೆ. ಮಾಡಿನ ವಯಸ್ಸು ಕೇಳಿದರೆ ಹಂಚಿನ ವಯಸ್ಸು ಹೇಳುತ್ತಾರೆ. ಅಂಡರ್‌ಲೇಮೆಂಟ್ ಯಾವ ವರ್ಷದ್ದು, ರಸೀದಿ ಇದೆಯೇ ಎಂದು ಬರಹದಲ್ಲಿ ಕೇಳಿ. ಹಂಚು ಇಳಿಸಿ ಜೋಡಿಸುವಾಗ ಒಂದಿಷ್ಟು ಒಡೆಯುವುದು ಖಂಡಿತ, ಹಳೇ ಅಚ್ಚಿನ ಹಂಚು ಈಗ ತಯಾರಾಗದೆ ಇರಬಹುದು. ಪಕ್ಕದ ಬೀದಿಯಲ್ಲಿ ಯಾರಾದರೂ ಅದೇ ಮಾದರಿಯ ಹಂಚು ಇಳಿಸುತ್ತಿದ್ದರೆ ಇಪ್ಪತ್ತು-ಮೂವತ್ತು ಕೇಳಿ ತಂದು ಹಿತ್ತಲ ಗೋಡೆಗೆ ಒರಗಿಸಿಡಿ.